ಸೈಕಲ್ ಬಂತು, ಓದು ನಿಂತಿತು

ಹಾವೇರಿಯಿಂದ ಬರೆದ ತಾಯಿಗೆ,

ಪುಸ್ತಕದಲ್ಲಿದ್ದ ಹಾಗೇ ಲೆಕ್ಕ ಕೊಟ್ಟರೆ ನಿಮ್ಮ ಮಗ ಸರಿಯಾಗಿ ಮಾಡುತ್ತಾನೆ, ಸ್ವಲ್ಪ ತಿರುಚಿ ಕೇಳಿದರೆ 'ಇದನ್ನ ಮಿಸ್ ಹೇಳಿಕೊಟ್ಟಿಲ್ಲ' ಅಂತ ಖಾಲಿ ಬಿಡುತ್ತಾನೆ ಎಂದು ಬರೆದಿದ್ದೀರಿ. 90 ತೆಗೆದರೆ ಸೈಕಲ್ ಅಂದಿರಿ. ತೆಗೆದ. ಆಮೇಲೆ ಪುಸ್ತಕ ಮುಟ್ಟಿಲ್ಲ. ಈಗ ಮೊಬೈಲ್ ಆಸೆ ತೋರಿಸಲಾ ಎಂಬುದು ನಿಮ್ಮ ಪ್ರಶ್ನೆ.

ಬೇಡ.

ನಿಮ್ಮ ಮಗನ ಮಾತು ಹಳೆಯದು. ಮ್ಯಾಕ್ಸ್ ವರ್ತೈಮರ್ ಎಂಬ ಮನೋವಿಜ್ಞಾನಿ ಒಂದು ತರಗತಿಗೆ ಹೋಗಿದ್ದರು. ಮಕ್ಕಳು ಸಮಾಂತರ ಚತುರ್ಭುಜದ (ಒಂದು ಕಡೆಗೆ ವಾಲಿದ ಆಯತದಂಥ ಆಕೃತಿ) ವಿಸ್ತೀರ್ಣ ಕಲಿತಿದ್ದರು: ಲಂಬ ಎಳೆ, ಪಾದವನ್ನು ಎತ್ತರದಿಂದ ಗುಣಿಸು. ಎಲ್ಲರಿಗೂ ಬರುತ್ತಿತ್ತು. ವರ್ತೈಮರ್ ಅದೇ ಆಕೃತಿಯನ್ನು ಬೇರೆ ಭಂಗಿಯಲ್ಲಿ ನಿಲ್ಲಿಸಿ ಕೊಟ್ಟರು. 'ಇದು ನಮಗಿನ್ನೂ ಆಗಿಲ್ಲ' ಅಂದರು ಮಕ್ಕಳು! ಆದರೆ ಸೂತ್ರವೇ ಗೊತ್ತಿಲ್ಲದ ಒಂದು ಪುಟ್ಟ ಮಗು ಕತ್ತರಿ ಕೇಳಿತು. ಒಂದು ಕಡೆ ಚಾಚಿಕೊಂಡಿದ್ದ ತುದಿಯನ್ನು ಕತ್ತರಿಸಿ ಇನ್ನೊಂದು ಕಡೆಗೆ ಸೇರಿಸಿತು. ಆಯತವಾಯಿತು. ಇದನ್ನೆಲ್ಲ ಬರೆದ ಅವರ ಪುಸ್ತಕ, ಅವರು ತೀರಿಕೊಂಡ ಎರಡು ವರ್ಷಕ್ಕೆ, 1945ರಲ್ಲಿ ಬಂತು. ನಾನೂ ಆ ಸೂತ್ರವನ್ನು ಉರು ಹೊಡೆದವನೇ. ಯಾಕೆ ಹಾಗೆ ಅಂತ ತಿಳಿದದ್ದು ಇದನ್ನು ಓದಿದ ಮೇಲೆ, ಕೂದಲು ನರೆತಾಗ.

ಇನ್ನು ಸೈಕಲ್ ವಿಷಯ. 1973ರಲ್ಲಿ ಅಮೆರಿಕದ ಮೂವರು ಸಂಶೋಧಕರು, ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟಾಣಿಗಳನ್ನು ಗಮನಿಸಿದರು. ಕೆಲವರಿಗೆ 'ಬಿಡಿಸಿದರೆ ಬಹುಮಾನ' ಎಂದು ಮೊದಲೇ ಹೇಳಿ, ಕೊಟ್ಟರು. ಒಂದೆರಡು ವಾರದ ನಂತರ, ಬಹುಮಾನದ ಮಾತಿಲ್ಲದಾಗ, ಅವರು ಚಿತ್ರಕ್ಕೆ ಕೊಟ್ಟ ಸಮಯ ಉಳಿದ ಮಕ್ಕಳ ಅರ್ಧದಷ್ಟೇ. ಮೊದಲೇ ಹೇಳದೆ ಕೊಟ್ಟ ಬಹುಮಾನ ಪಡೆದವರ ಆಸೆಗೆ ಏನೂ ಆಗಿರಲಿಲ್ಲ. ಆ ಮಕ್ಕಳಿಗೆ ಮೊದಲೇ ಆಸೆಯಿತ್ತು, ನಿಮ್ಮ ಮಗನಿಗೆ ಲೆಕ್ಕದ ಮೇಲೆ ಅದಿನ್ನೂ ಹುಟ್ಟೇ ಇಲ್ಲ. ಹಾಗಾಗಿ ಎರಡೂ ಒಂದೇ ಅನ್ನಲಾರೆ. ಸೈಕಲ್ ಅಂತೂ ಕಿತ್ಕೋಬೇಡಿ, ಪಾಪ.

ಒಂದು ಭಾನುವಾರ ಕೊಬ್ಬರಿ ಮಿಠಾಯಿ ಮಾಡಿ. ಎರಡೂ ತುದಿ ಒಂದೇ ಕಡೆಗೆ ಓರೆಯಾಗುವಂತೆ ಕೊಯ್ದು ಒಂದು ಉದ್ದನೆಯ ತುಂಡನ್ನು ಅವನ ಮುಂದಿಡಿ. 'ಇದನ್ನು ಒಂದೇ ಸಲ ಕೊಯ್ದು, ಜೋಡಿಸಿ ಆಯತ ಮಾಡ್ತೀಯಾ?' ಅಂತ ಕೇಳಿ. ಚಾಕು ಅವನ ಕೈಯಲ್ಲೇ ಇರಲಿ. ತಪ್ಪು ಕೊಯ್ದರೆ ಇನ್ನೊಂದು ತುಂಡು ಕೊಡಿ, ಕೆಟ್ಟದ್ದನ್ನು ತಿಂದರಾಯಿತು. ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂತರೂ ನೀವು ಬಾಯಿ ಹಾಕಬೇಡಿ. ಸೂತ್ರದ ಹೆಸರನ್ನಂತೂ ಆವತ್ತು ಎತ್ತಲೇಬೇಡಿ.

— ಸಂಪಾದಕ