ಕೇದಾರಕ್ಕೆ ಹೊರಟ ಅಮ್ಮ-ಮಗಳ ಬ್ಯಾಗು

ಮೇ ತಿಂಗಳಲ್ಲಿ ಅಮ್ಮನ ಜೊತೆ ಹರಿದ್ವಾರ, ಕೇದಾರ, ಬದರಿಗೆ ಹೊರಟಿದ್ದೀನಿ, ಸೆಕೆಗೂ ಚಳಿಗೂ ಒಂದೇ ಬ್ಯಾಗಲ್ಲಿ ಬಟ್ಟೆ ಹೊಂದಿಸೋದು ಹೇಗೆ ಅಂತ ಕೇಳಿದ್ದೀರಿ. ನಾನೂ ನಮ್ಮಮ್ಮನನ್ನ ಕರ್ಕೊಂಡು ಹೋಗಿಬಂದವಳು.

ಹರಿದ್ವಾರದಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತೆ, ಮೂರು ತೆಳು ಕಾಟನ್ ಚೂಡಿದಾರ್ ಸಾಕು. ಕೇದಾರ 3,583 ಮೀಟರ್ ಎತ್ತರ, ರಾತ್ರಿ ಕೊರೆಯೋ ಚಳಿ. ದಪ್ಪ ಜಾಕೆಟ್ ಒಂದನ್ನೇ ನಂಬಬೇಡಿ. ಒಳಗೆ ಥರ್ಮಲ್ (ಕಾಟನ್‌ದು ಬೇಡ, ಬೆವರು ಬೇಗ ಆರಲ್ಲ), ಮೇಲೆ ಉಣ್ಣೆ ಸ್ವೆಟರ್, ಅದರ ಮೇಲೆ ಗಾಳಿ-ಮಳೆ ತಡೆಯೋ ಜಾಕೆಟ್. ಕೇದಾರದ ಕಾಲ್ನಡಿಗೆ ಶುರುವಾಗೋ ಗೌರಿಕುಂಡದಿಂದ ಹತ್ತುವಾಗ ಸೆಕೆಯಾದ್ರೆ ಒಂದೊಂದೇ ತೆಗೀರಿ. ನಿಂತ ತಕ್ಷಣ ಮತ್ತೆ ಹಾಕ್ಕೊಳ್ಳಿ, ಒದ್ದೆ ಬೆನ್ನಿಗೆ ಗಾಳಿ ತಗುಲಿದ್ರೆ ನಡುಕ ಹತ್ತುತ್ತೆ.

ಅಮ್ಮ ಸೀರೆ ಬಿಡಲ್ಲ ಅಂದಿದ್ದೀರಿ. ದಯವಿಟ್ಟು ಒತ್ತಾಯ ಮಾಡಬೇಡಿ. ಲಂಗದ ಒಳಗೆ ಉಣ್ಣೆ ಲೆಗ್ಗಿಂಗ್ಸ್ ಹಾಕಿ, ಬೇಗ ಒಣಗೋ ಸಿಂಥೆಟಿಕ್ ಸೀರೇನ ಪಾದದಿಂದ ನಾಲ್ಕು ಬೆರಳು ಮೇಲಕ್ಕೆ ಉಡಿಸಿ. ಮಂಗನ ಟೋಪಿ, ಕಾಲುಚೀಲ ಎರಡೆರಡು ಜೊತೆ ಇರಲಿ. ಶೂ ಮಾತ್ರ ಈಗಲೇ ತಗೊಂಡು ಹದಿನೈದು ದಿನ ಹಾಕಿ ನಡೆದಾಡಿಸಿ.

ಪ್ಯಾಡ್ ಇಲ್ಲಿಂದಲೇ ಒಯ್ಯಿರಿ, ದಿನ ದೂರ ಇದ್ರೂ ಸರಿ. ಪ್ರಯಾಣದಲ್ಲಿ ಲೆಕ್ಕ ತಪ್ಪಬಹುದು. ಬಳಸಿದ್ದನ್ನ ಸುತ್ತಿಡೋಕೆ ಕವರೂ ಬೇಕು. ಅಮ್ಮನಿಗೆ ಬಿಪಿ ಇದ್ರೆ ಹೊರಡೋ ಮುಂಚೆ ಡಾಕ್ಟರಿಗೆ ತೋರಿಸಿ, ಮಾತ್ರೆ ಕೈಚೀಲದಲ್ಲೇ ಇಟ್ಕೊಳ್ಳಿ.