ಕಣಿವೆ ಓಟು ಹಾಕುವುದಿಲ್ಲ

ನಮಸ್ಕಾರ.

ನಿಮ್ಮ 'ಬಲಕ್ಕೆ ವಾಲಿದ ಟೆಕ್ ಕುಬೇರರು' ಲೇಖನದ ಕರಡು ನನ್ನ ಮೇಜಿಗೆ ಬಂದು ಎಂಟು ದಿನವಾಯಿತು. ಮೊದಲ ಸಲ ಓದಿದಾಗ ಸಿಟ್ಟು ಬಂತು. ಸಿಟ್ಟಿನಲ್ಲಿ ಉತ್ತರ ಬರೆಯಬಾರದು ಅಂತ ಪಕ್ಕಕ್ಕಿಟ್ಟೆ. ನಿನ್ನೆ ಮತ್ತೆ ಓದಿದೆ, ಮತ್ತೆ ಬಂತು. ಇನ್ನು ಕಾದು ಪ್ರಯೋಜನ ಇಲ್ಲ ಅನಿಸಿ ಬರೆಯುತ್ತಿದ್ದೇನೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಶುರುವಿನ ದೃಶ್ಯ ಚೆನ್ನಾಗಿದೆ: 2025ರ ಜನವರಿ 20, ಟ್ರಂಪ್ ಪ್ರಮಾಣವಚನ, ಹಿಂದೆ ಸಾಲಾಗಿ ಮಸ್ಕ್, ಬೆಜೋಸ್, ಜುಕರ್‌ಬರ್ಗ್, ಪಿಚೈ. ಭಾಷೆ ಸಲೀಸಾಗಿದೆ. ಕಾಗುಣಿತದ ತಪ್ಪಿಲ್ಲ.

ಈಗ ಎರಡನೇ ಪ್ಯಾರಾದ ಮೊದಲ ಸಾಲು. "ಹೀಗೆ ಸಿಲಿಕಾನ್ ವ್ಯಾಲಿ ಬಲಕ್ಕೆ ತಿರುಗಿತು." ಯಾರು ತಿರುಗಿದ್ದು? ಅದೊಂದು ಕಣಿವೆ. ಕಣಿವೆ ಓಟು ಹಾಕುವುದಿಲ್ಲ, ಅಲ್ಲಿರುವ ಜನ ಹಾಕುತ್ತಾರೆ. ಅದರ ನಡುಮಧ್ಯೆ ಇರುವ ಸಾಂಟಾ ಕ್ಲಾರಾ ಕೌಂಟಿಯಲ್ಲಿ 2024ರಲ್ಲೂ ನೂರಕ್ಕೆ ಸುಮಾರು 68 ಓಟು ಟ್ರಂಪ್ ಎದುರು ನಿಂತಿದ್ದ ಡೆಮಾಕ್ರಟಿಕ್ ಪಕ್ಷದ ಕಮಲಾ ಹ್ಯಾರಿಸ್‌ಗೆ ಬಿದ್ದಿವೆ. ಅಂದರೆ ನೀವು ಹೇಳುತ್ತಿರುವುದು ಬೆರಳೆಣಿಕೆಯ ಕೆಲವರ ಬಗ್ಗೆ. ಅವರಿಗೆ ಹೆಸರಿದೆ. ಹೆಸರು ಹಾಕಿ.

ಹಾಕಿದ ಕೂಡಲೇ ಏನಾಗುತ್ತದೆ ನೋಡಿ. ಪೇಪಾಲ್ ಕಟ್ಟಿದವರಲ್ಲಿ ಒಬ್ಬರಾದ ಪೀಟರ್ ಥೀಲ್ ತಿರುಗಲೇ ಇಲ್ಲ. ಸ್ವಾತಂತ್ರ್ಯವೂ ಪ್ರಜಾಪ್ರಭುತ್ವವೂ ಒಟ್ಟಿಗೆ ಬಾಳುತ್ತವೆ ಎಂಬ ನಂಬಿಕೆ ತನಗೆ ಉಳಿದಿಲ್ಲ ಎಂದು ಅವರು 2009ರಲ್ಲೇ ಬರೆದಿದ್ದರು. 2016ರಲ್ಲಿ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ ಟ್ರಂಪ್ ಪರ ಭಾಷಣ ಮಾಡಿದರು. ಅದೇ ವರ್ಷ ಟೆಕ್ ಕಂಪನಿಗಳಲ್ಲಿ ಹಣ ಹೂಡುವ ಮಾರ್ಕ್ ಆಂಡ್ರೀಸನ್ ಟ್ರಂಪ್ ಎದುರಾಳಿ ಹಿಲರಿ ಕ್ಲಿಂಟನ್ ಪರ ಇದ್ದರು. 2024ರಲ್ಲಿ ಟ್ರಂಪ್ ಪರ ನಿಂತರು. ಇದು ತಿರುಗುವುದು, ಒಪ್ಪಿದೆ. ಮಸ್ಕ್ ಆ ಜುಲೈಯಲ್ಲಿ ಬಹಿರಂಗವಾಗಿ ಬೆಂಬಲ ಸಾರಿ, 25 ಕೋಟಿ ಡಾಲರಿಗೂ ಜಾಸ್ತಿ ಸುರಿದರು. ಜುಕರ್‌ಬರ್ಗ್ ಚುನಾವಣೆಯಲ್ಲಿ ಯಾರ ಪರವೂ ಮಾತಾಡಲಿಲ್ಲ. ಫಲಿತಾಂಶ ಬಂದ ಮೇಲೆ ಅವರ ಕಂಪನಿ ಮೆಟಾ, ಟ್ರಂಪ್ ಪ್ರಮಾಣವಚನ ಸಮಾರಂಭದ ನಿಧಿಗೆ 10 ಲಕ್ಷ ಡಾಲರ್ ಕೊಟ್ಟಿತು. ಒಬ್ಬರು ಮೊದಲೇ ಅಲ್ಲಿದ್ದರು, ಒಬ್ಬರು ತಿರುಗಿದರು, ಒಬ್ಬರು ಧುಮುಕಿದರು, ಒಬ್ಬರು ಗೆದ್ದವರ ಬಾಗಿಲಿಗೆ ಹೋದರು. ನಾಲ್ಕು ಜನಕ್ಕೆ ನಾಲ್ಕು ಕ್ರಿಯಾಪದ ಬೇಕು. ನೀವು ಎಲ್ಲರಿಗೂ ಸೇರಿಸಿ ಒಂದೇ 'ತಿರುಗಿತು' ಕೊಟ್ಟಿದ್ದೀರಿ.

ಮೂರನೇ ಪ್ಯಾರಾದಲ್ಲಿ ಅದೇ ರೋಗ. "ಹಿಂದೆ ಗೂಗಲ್ ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ಕೋಟಿಗಟ್ಟಲೆ ಕೊಟ್ಟಿತ್ತು." ಕೊಡುವಂತಿಲ್ಲ ಸ್ವಾಮಿ! ಅಮೆರಿಕದ ಅಧ್ಯಕ್ಷ ಮತ್ತು ಸಂಸತ್ ಚುನಾವಣೆಗಳಲ್ಲಿ ಕಂಪನಿ ತನ್ನ ಖಜಾನೆಯಿಂದ ನೇರವಾಗಿ ಅಭ್ಯರ್ಥಿಗೆ ಹಣ ಕೊಡುವುದು ಕಾನೂನುಬಾಹಿರ. 200 ಡಾಲರಿಗಿಂತ ಹೆಚ್ಚು ಕೊಟ್ಟವರು ಎಲ್ಲಿ ಕೆಲಸ ಮಾಡುತ್ತಾರೆ ಎಂಬುದು ಚುನಾವಣಾ ಆಯೋಗದ ದಾಖಲೆಯಲ್ಲಿ ಬರುತ್ತದೆ. ಅದನ್ನು ಕೂಡಿಸಿದ ಪಟ್ಟಿಯನ್ನು ನೀವು ಎಲ್ಲೋ ನೋಡಿರಬೇಕು. ಅದು ನೌಕರರ ಹಣ. ನೌಕರರ ಒಲವನ್ನು ಮಾಲೀಕರ ತಲೆಗೆ ಕಟ್ಟಿ, ಆಮೇಲೆ ಮಾಲೀಕರು ಬದಲಾದರು ಅಂತ ನೀವೇ ಬೆರಗಾಗಿದ್ದೀರಿ. ಅಭ್ಯರ್ಥಿಗೆ ನೇರವಾಗಿ ಕೊಡದೆ ಪ್ರಚಾರಕ್ಕೆ ಪ್ರತ್ಯೇಕವಾಗಿ ಖರ್ಚು ಮಾಡುವ 'ಸೂಪರ್ ಪ್ಯಾಕ್' ಎಂಬ ಸಂಘಟನೆಗಳಿಗೆ ಮಾತ್ರ ಕಂಪನಿಗಳು ಎಷ್ಟು ಬೇಕಾದರೂ ಕೊಡಬಹುದು, 2010ರ ಕೋರ್ಟ್ ತೀರ್ಪುಗಳ ನಂತರ. ಕ್ರಿಪ್ಟೋ, ಅಂದರೆ ಡಿಜಿಟಲ್ ಹಣದ, ವ್ಯವಹಾರದ ಕಾಯಿನ್‌ಬೇಸ್, ರಿಪಲ್ ಮುಂತಾದ ಕಂಪನಿಗಳು ಫೇರ್‌ಶೇಕ್ ಎಂಬ ಪ್ಯಾಕ್‌ಗೆ ಹಾಗೇ ಕೊಟ್ಟವು. ಆ ಹಣ ಎರಡೂ ಪಕ್ಷದ ಅಭ್ಯರ್ಥಿಗಳಿಗಾಗಿ ಖರ್ಚಾಯಿತು. ಕ್ರಿಪ್ಟೋಗೆ ಅಡ್ಡ ಬರದವರಾದರೆ ಸಾಕಿತ್ತು.

ಇಷ್ಟೊಂದು ಕೂಗಾಡುವುದಕ್ಕೆ ಕಾರಣ ಇದೆ. ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಒಂದು ವರದಿಯಲ್ಲಿ "ಜನ ರೊಚ್ಚಿಗೆದ್ದರು" ಅಂತ ಬರೆದಿದ್ದೆ. ಡೆಸ್ಕಿನ ಹಿರಿಯರು ಕರೆದು, "ಜನ ಅಂದ್ರೆ ಯಾರಯ್ಯಾ?" ಅಂದರು. ಅಲ್ಲಿ ಬಂದವರೆಲ್ಲ ಸರ್ ಅಂದೆ. "ಎಣಿಸಿದ್ಯಾ?" ಇಲ್ಲ. ಫೋನ್ ಮಾಡಿ ವಿಚಾರಿಸಿದರೆ ಹನ್ನೊಂದು ಜನ, ಅದರಲ್ಲಿ ಇಬ್ಬರು ಸುಮ್ನೆ ನೋಡಲು ನಿಂತವರು. ಮರುದಿನ ಒಳಪುಟದಲ್ಲಿ "ಒಂಬತ್ತು ಮಂದಿ ಪ್ರತಿಭಟಿಸಿದರು" ಅಂತ ಎರಡು ಸಾಲು ಬಂತು. ಒಂದು ವಾರ ಅವರ ಜೊತೆ ಮಾತು ಬಿಟ್ಟಿದ್ದೆ. ಅವರಿಗೆ ಅದು ಗೊತ್ತೂ ಆಗಲಿಲ್ಲ.

ಇನ್ನೊಂದು ನನ್ನನ್ನು ಚುಚ್ಚಿದ ಮಾತು: "ಒಂದು ಕಾಲದ ಎಡಪಂಥೀಯರು." ಯಾವ ಕಾಲ? 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 600ಕ್ಕೂ ಹೆಚ್ಚು ಟೆಕ್ ಉದ್ಯಮಿಗಳನ್ನು ಮಾತಾಡಿಸಿದ್ದರು. ಶ್ರೀಮಂತರಿಗೆ ಹೆಚ್ಚು ತೆರಿಗೆ, ವಲಸೆ, ಸಲಿಂಗ ವಿವಾಹ, ಎಲ್ಲಕ್ಕೂ ಬಹುಪಾಲು ಜನ ಸೈ ಅಂದರು. ಆದರೆ ಕಾರ್ಮಿಕ ಸಂಘ, ಸರ್ಕಾರದ ಕಟ್ಟುಪಾಡು ಅಂದ ಕೂಡಲೇ ಮುಖ ತಿರುಗಿಸಿದರು. 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾಲಕರನ್ನು ನೌಕರರೆಂದು ಒಪ್ಪಬೇಕಾಗದಂತೆ ಮಾಡಲು ಊಬರ್, ಲಿಫ್ಟ್, ಡೋರ್‌ಡ್ಯಾಶ್‌ನಂಥ ಆ್ಯಪ್ ಕಂಪನಿಗಳು ಸೇರಿ ಒಂದು ಜನಮತ ಸಂಗ್ರಹಕ್ಕೆ 20 ಕೋಟಿ ಡಾಲರ್ ದಾಟಿ ಖರ್ಚು ಮಾಡಿದವು, ಗೆದ್ದವು. ಡೆಮಾಕ್ರಟರ ಬೈಡನ್ ಭಾರಿ ಅಂತರದಿಂದ ಗೆದ್ದ ರಾಜ್ಯದಲ್ಲಿ, ಅದೇ ದಿನ.

ನಿಮ್ಮ ಲೇಖನದಲ್ಲಿ ಲಿಂಕ್ಡ್‌ಇನ್ ಕಟ್ಟಿದ ರೀಡ್ ಹಾಫ್‌ಮನ್ ಹೆಸರೇ ಇಲ್ಲ. ಡೆಮಾಕ್ರಟರ ದೊಡ್ಡ ದಾನಿ, ಟ್ರಂಪ್ ವಿರೋಧಿ. 2024ರ ಜುಲೈಯಲ್ಲಿ ಹ್ಯಾರಿಸ್ ಪರ ನಿಂತುಕೊಂಡೇ, ಗೆದ್ದರೆ ಲೀನಾ ಖಾನ್ ಅವರನ್ನು ಬದಲಿಸಲಿ ಎಂಬ ಆಸೆ ಹೇಳಿಕೊಂಡರು. ಖಾನ್ ಆಗ ದೊಡ್ಡ ಕಂಪನಿಗಳ ಏಕಸ್ವಾಮ್ಯಕ್ಕೆ ಮೂಗುದಾರ ಹಾಕಲು ಹೊರಟಿದ್ದ ಸರ್ಕಾರಿ ಆಯೋಗದ ಮುಖ್ಯಸ್ಥೆ. ಹಾಫ್‌ಮನ್ ಕೂತಿದ್ದು ಮೈಕ್ರೋಸಾಫ್ಟ್ ನಿರ್ದೇಶಕ ಮಂಡಳಿಯಲ್ಲಿ. ಈಗ ಹೇಳಿ, ಇವರು ಎಡವೋ ಬಲವೋ? ನನ್ನ ಪ್ರಕಾರ ನಿಮ್ಮ ಲೇಖನದ ನಾಯಕ ಇವರೇ ಆಗಬೇಕಿತ್ತು.

"ಅಧಿಕಾರದ ದಾಹ" ಅನ್ನುವುದನ್ನು ಹೊಡೆದು ಹಾಕಿದ್ದೇನೆ. ಆಂಡ್ರೀಸನ್ ತಮ್ಮ ಕಾರಣಗಳನ್ನು ತಾವೇ ಹೇಳಿದ್ದಾರೆ: ಮಾರದೆ ಇಟ್ಟ ಷೇರಿನ ಬೆಲೆ ಏರಿದರೂ ತೆರಿಗೆ ಹಾಕುವ ಪ್ರಸ್ತಾಪ, ಕ್ರಿಪ್ಟೋ ಮೇಲಿನ ಕ್ರಮ, ಎಐ ನಿಯಮಗಳು. ನೀವು ನಂಬಬೇಕು ಅಂತಿಲ್ಲ. ಆದರೆ ಮೊದಲು ಅವರು ಹೇಳಿದ್ದನ್ನು ಬರೆಯಿರಿ, ದಾಹ ಇದ್ದರೆ ಓದುವವರಿಗೇ ಕಾಣುತ್ತದೆ.

ಐದನೇ ಪ್ಯಾರಾದಿಂದ ಮುಂದೆ ಗುರುತು ಹಾಕಿಲ್ಲ. ಮೇಲಿನದು ಬದಲಾದರೆ ಅದೂ ಹೇಗಿದ್ದರೂ ಬದಲಾಗುತ್ತದೆ. ಮೊದಲು ಹಾಫ್‌ಮನ್ ಬಗ್ಗೆ ಒಂದು ಪುಟ ಬರೆದು ಕಳಿಸಿ. 'ಸಿಲಿಕಾನ್ ವ್ಯಾಲಿ' ಕರ್ತೃವಾಗಿರುವ ವಾಕ್ಯ ಅದರಲ್ಲಿ ಒಂದೂ ಇರಬಾರದು. ಈಗಿನ ಪ್ರತಿಯಲ್ಲಿ ಹದಿನಾಲ್ಕಿವೆ, ಎಣಿಸಿದ್ದೇನೆ.