ಸುವಾರ್ತೆಯನ್ನು ಬದಿಗಿಟ್ಟು ಸಭೆ ಏನು ಕೊಟ್ಟೀತು?

ಓದುಗರ ಪತ್ರದಿಂದ: “ಕಳೆದ ಸಂಚಿಕೆಯಲ್ಲಿ ಶಿಲುಬೆಯ ಕುರಿತ ಪ್ರಸಂಗ ಓದಿದೆ. ಪಾಪ, ರಕ್ಷಣೆ, ಪುನರುತ್ಥಾನ ಎಂಬ ಮಾತುಗಳನ್ನು ಈ ಕಾಲದಲ್ಲೂ ಹೀಗೆ ಮುಂದೆ ತರಬೇಕೆ? ಯುವಕರಿಗೆ ಇವು ಹಿಡಿಸುವುದಿಲ್ಲ, ಹೊರಗಿನವರಲ್ಲಿ ಅನುಮಾನ ಹುಟ್ಟಿಸುತ್ತವೆ. ನಮ್ಮ ಶಾಲೆ, ಆಸ್ಪತ್ರೆಗಳೇ ನಮ್ಮ ಪರವಾಗಿ ಮಾತಾಡಲಿ. ‘ಸದಾ ಸುವಾರ್ತೆ ಸಾರಿರಿ, ಅಗತ್ಯ ಬಿದ್ದರೆ ಮಾತು ಬಳಸಿರಿ’ ಎಂದು ಸಂತ ಫ್ರಾನ್ಸಿಸ್ಸನೇ ಹೇಳಿಲ್ಲವೆ?” – ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಸಂಪಾದಕರ ಉತ್ತರ

ಪ್ರಿಯ ಮಾಸ್ತರರೇ,

ಎಲ್ಲರೂ ಫೋನಿನಲ್ಲಿ ಎರಡು ಸಾಲು ಕುಟ್ಟಿ ಕಳಿಸುವ ಈ ಕಾಲದಲ್ಲಿ ನೀವು ನಾಲ್ಕು ಪುಟ ತುಂಬ, ಒಂದೂ ಕಾಟು ಹೊಡೆಯದೆ ದುಂಡಗೆ ಬರೆದು ಅಂಚೆಗೆ ಹಾಕಿದ್ದೀರಿ. ಕಚೇರಿಯ ಹುಡುಗರಿಗೆ ತೋರಿಸಿ, ಕನ್ನಡ ಅಂದರೆ ಹೀಗಿರಬೇಕು ನೋಡಿ ಅಂದೆ. ನಿಮ್ಮ ಅಕ್ಷರದ ಮೇಲೆ ನನಗೆ ತಕರಾರಿಲ್ಲ. ಅದರಲ್ಲಿ ಬರೆದದ್ದರ ಮೇಲೆ ಇದೆ, ಅದೂ ಸಣ್ಣದಲ್ಲ.

ಮೊದಲು ಫ್ರಾನ್ಸಿಸ್ಸನ, ಅಂದರೆ ಹದಿಮೂರನೆಯ ಶತಮಾನದ ಇಟಲಿಯ ಆ ಸನ್ಯಾಸಿಯ, ಲೆಕ್ಕ ಚುಕ್ತಾ ಮಾಡಿಬಿಡೋಣ. ಆ ಮಾತು ಅವನದಲ್ಲ. ಅವನ ಬರಹಗಳಲ್ಲಿ ಎಲ್ಲೂ ಸಿಗುವುದಿಲ್ಲ. ಕ್ಯಾಲೆಂಡರಿನ ಮೇಲೂ ಗೋಡೆಯ ಫಲಕದ ಮೇಲೂ ಹತ್ತಿಕೊಂಡು, ಈಗ ದಿನ ಬೆಳಗಾದರೆ ವಾಟ್ಸ್ಆ್ಯಪ್‌ನಲ್ಲಿ ಹೂವಿನ ಚಿತ್ರದ ಕೆಳಗೆ ಬಂದು ಕೂರುತ್ತದೆ. ಅಸಲಿ ಫ್ರಾನ್ಸಿಸ್ ಮಾತು ಬಿಟ್ಟ ಮನುಷ್ಯನೇ ಅಲ್ಲ. ಊರೂರು ತಿರುಗಿ ಚೌಕಗಳಲ್ಲಿ ಪ್ರಸಂಗ ಮಾಡಿದವನು. ಕೇಳಲು ಜನ ಸಿಗದಿದ್ದರೆ ಹಕ್ಕಿಗಳಿಗೂ ಸಾರಿದ ಎಂದು ಕಥೆ ಕಟ್ಟುವಷ್ಟು ಅವನ ಬಾಯಿ ಪ್ರಸಿದ್ಧವಾಗಿತ್ತು. 1219ರಲ್ಲಿ, ಐದನೆಯ ಕ್ರೂಸೇಡಿನ (ಕ್ರೈಸ್ತರ ಧರ್ಮಯುದ್ಧದ) ಸೈನ್ಯ ಈಜಿಪ್ಟಿನ ಡಮಿಯೆಟ್ಟಾ ನಗರಕ್ಕೆ ಮುತ್ತಿಗೆ ಹಾಕಿ ಕೂತಿದ್ದಾಗ, ಈ ಮನುಷ್ಯ ಕೈಯಲ್ಲಿ ಒಂದು ಕೋಲೂ ಇಲ್ಲದೆ, ಜೊತೆಗೊಬ್ಬ ಸಹೋದರನನ್ನು ಕರೆದುಕೊಂಡು ಎದುರು ಪಾಳಯಕ್ಕೆ ನಡೆದುಬಿಟ್ಟ. ಸುಲ್ತಾನ್ ಅಲ್-ಕಾಮಿಲ್‌ನ ಮುಂದೆ ನಿಂತು ಕ್ರಿಸ್ತನ ವಿಷಯ ಹೇಳಿದ. ಸುಲ್ತಾನ ಒಪ್ಪಲಿಲ್ಲ, ಆದರೆ ಮರ್ಯಾದೆಯಿಂದ ಕೇಳಿ ಸುರಕ್ಷಿತವಾಗಿ ಕಳಿಸಿಕೊಟ್ಟ. ಕತ್ತಿ ಹಿಡಿದು ಬಂದ ಸಾವಿರಾರು ಕ್ರೈಸ್ತರ ನಡುವೆ ಅಲ್ಲಿ ಸುವಾರ್ತೆಯ ಮೇಲೆ ಭರವಸೆಯಿದ್ದದ್ದು ಈ ಬರಿಗೈಯವನಿಗೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ನಿಮ್ಮ ಪಾಲಿನದನ್ನು ನಿಮಗೆ ಕೊಡಬೇಕಷ್ಟೆ. 1221ರಲ್ಲಿ ತನ್ನ ಸಹೋದರರಿಗೆ ಬರೆದ ನಿಯಮದಲ್ಲಿ ‘ಎಲ್ಲರೂ ತಮ್ಮ ಕ್ರಿಯೆಗಳಿಂದ ಸಾರಲಿ’ ಎಂದು ಅವನು ಹೇಳಿದ್ದಾನೆ. ನಿಮ್ಮ ವಾಟ್ಸ್ಆ್ಯಪ್ ಸುಭಾಷಿತಕ್ಕೆ ಹತ್ತಿರದ ಮಾತು ಅದೊಂದೇ. ಅದಕ್ಕೆ ತುಸು ಹಿಂದೆ ಇನ್ನೊಂದು ಮಾತಿದೆ. ಮುಸಲ್ಮಾನರ ನಡುವೆ ಹೋಗುವ ಸಹೋದರರಿಗೆ ಅಲ್ಲಿ ಎರಡು ದಾರಿ ತೋರಿಸುತ್ತಾನೆ. ಒಂದು, ವಾದ-ಜಗಳಕ್ಕೆ ಇಳಿಯದೆ ದೇವರ ನಿಮಿತ್ತ ಎಲ್ಲರಿಗೂ ತಗ್ಗಿ ಬಾಳುತ್ತ, ತಾವು ಕ್ರೈಸ್ತರೆಂದು ಒಪ್ಪಿಕೊಳ್ಳುವುದು. ಎರಡು, ದೇವರಿಗೆ ಮೆಚ್ಚಿಗೆ ಎಂದು ಕಂಡಾಗ ವಾಕ್ಯವನ್ನು ಸಾರುವುದು. ಮೊದಲನೆಯ ದಾರಿಯಲ್ಲೂ ಬಚ್ಚಿಟ್ಟುಕೊಳ್ಳಲು ಅವಕಾಶವಿಲ್ಲ, ಗಮನಿಸಿ.

ಈಗ ನಿಮ್ಮ ಶಾಲೆ, ಆಸ್ಪತ್ರೆಗಳ ಮಾತಿಗೆ ಬರೋಣ. ಅವು ನಮ್ಮ ಪರವಾಗಿ ಮಾತಾಡಲಿ ಎನ್ನುತ್ತೀರಿ. ಆದರೆ ಅವು ಹುಟ್ಟಿದ್ದು ಯಾವುದರಿಂದ? ನಾನು ಕೂತು ಬರೆಯುತ್ತಿರುವ ಊರಿನದೇ ಉದಾಹರಣೆ ಕೊಡುತ್ತೇನೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಹೆಂಚು ಮಾಡಲು ಬಂದವರಲ್ಲ, ಬಟ್ಟೆ ನೇಯಲು ಬಂದವರೂ ಅಲ್ಲ. ಅವರು ಸಾರಿದ್ದನ್ನು ನಂಬಿ ದೀಕ್ಷಾಸ್ನಾನ ಪಡೆದವರನ್ನು ಮನೆಯವರು ಹೊರಗೆ ಹಾಕಿದರು, ಕುಲಕಸುಬು ಕೈಬಿಟ್ಟಿತು, ಗೇಣಿಗೆ ಹೊಲ ಸಿಗದಾಯಿತು. ಅವರ ಹೊಟ್ಟೆಗೆ ದಾರಿ ಹುಡುಕಬೇಕಾಗಿ ಬಂದಾಗ ಮಗ್ಗಗಳು ಬಂದವು, ಮುದ್ರಣಾಲಯ ಬಂತು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ. ಮಂಗಳೂರು ಹೆಂಚು ದೇಶವೆಲ್ಲ ಹತ್ತಿತು, ಸಮುದ್ರವನ್ನೂ ದಾಟಿತು. ಸಂತೋಷವೇ. ಆದರೆ ಮೊದಲು ಯಾವುದು, ಆಮೇಲೆ ಯಾವುದು ಎಂಬುದನ್ನು ತಿರುಗಾಮುರುಗಾ ಮಾಡಬೇಡಿ. ಇಂದು ನಮ್ಮ ಶತಮಾನೋತ್ಸವದ ಭಾಷಣಗಳಲ್ಲಿ ಹೆಂಚು ಬರುತ್ತದೆ, ಖಾಕಿ ಬಟ್ಟೆ ಬರುತ್ತದೆ, ಪತ್ರಿಕೆ ಬರುತ್ತದೆ, ನಿಘಂಟು ತಪ್ಪದೆ ಬರುತ್ತದೆ. ಆ ಜನ ಯಾಕಾಗಿ ಮನೆ-ಮಠ ಬಿಟ್ಟು ಹಡಗು ಹತ್ತಿದರು ಎಂಬುದು ಮಾತ್ರ ಬರುವುದಿಲ್ಲ. ಮಂತ್ರಿಗಳು ವೇದಿಕೆಯ ಮೇಲಿದ್ದಾರಲ್ಲ, ಮುಜುಗರವಾದೀತೆಂದು ನಮಗೆ ಸಂಕೋಚ!

ನಿಘಂಟಿನ ಮಾತು ಬಂದದ್ದಕ್ಕೆ ಇನ್ನೂ ಒಂದೆರಡು ಹೇಳುತ್ತೇನೆ, ಸಹಿಸಿಕೊಳ್ಳಿ. ಸುವಾರ್ತೆಯಲ್ಲಿ ಗಟ್ಟಿ ನಂಬಿಕೆ ಇದ್ದವರು ಸಂಕುಚಿತರಾಗುತ್ತಾರೆ, ಬೇರೆಯವರನ್ನು ಕೀಳಾಗಿ ಕಾಣುತ್ತಾರೆ ಎಂಬ ಅಂಜಿಕೆ ನಿಮ್ಮ ಎರಡನೆಯ ಪುಟದಲ್ಲಿದೆ. 1843ರ ಜುಲೈಯಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ, ಅದೇ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಏನು ಮಾಡಿದ? ಹರಿದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದ. ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ಅಚ್ಚಿಗೆ ತಂದ. ಅದೇ ಮಿಷನ್ನಿನ ಕಿಟೆಲ್ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದ, 1875ರಲ್ಲಿ ನಾಗವರ್ಮನ ಛಂದಸ್ಸನ್ನು, 1894ರಲ್ಲಿ ಆ ಮಹಾ ನಿಘಂಟನ್ನು ಕೊಟ್ಟ. ಅದೇ ಕಿಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದವನು. ಇವರಿಗೆ ತಮ್ಮ ಸಂದೇಶದ ಬಗ್ಗೆ ಎಳ್ಳಷ್ಟೂ ನಾಚಿಕೆಯಿರಲಿಲ್ಲ. ಆದ್ದರಿಂದಲೇ ಪುರಂದರದಾಸರ ಮುಂದೆ ಕೂತು ಕಲಿಯಲು ಭಯವೂ ಇರಲಿಲ್ಲ. ಇವತ್ತು ನಮ್ಮ ಯಾವ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ವಚನಗಳನ್ನೋ ಕೀರ್ತನೆಗಳನ್ನೋ ಓದಿದವರು ನಾಲ್ಕು ಜನ ಸಿಗುತ್ತಾರೆ? ತಮ್ಮದೂ ಗೊತ್ತಿಲ್ಲ, ನೆರೆಯವರದೂ ಗೊತ್ತಿಲ್ಲ. ಇದಕ್ಕೆ ವಿಶಾಲ ಮನಸ್ಸು ಎಂದು ಹೆಸರಿಟ್ಟುಕೊಂಡಿದ್ದೇವೆ.

ನಿಮ್ಮ ಸಲಹೆ ಹೊಸದೂ ಅಲ್ಲ ಮಾಸ್ತರರೇ. 1932ರಲ್ಲಿ ಹಾರ್ವರ್ಡಿನ ತತ್ವಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಅರ್ನೆಸ್ಟ್ ಹಾಕಿಂಗ್ ಅವರ ಅಧ್ಯಕ್ಷತೆಯ ಸಮಿತಿ, ಭಾರತ, ಬರ್ಮಾ, ಚೀನಾ, ಜಪಾನುಗಳನ್ನು ಸುತ್ತಿ ಬಂದು ಹೆಚ್ಚುಕಡಿಮೆ ನಿಮ್ಮದೇ ಮಾತು ಹೇಳಿತು. ಸೇವೆಯನ್ನು ಸಾರುವ ಕೆಲಸದಿಂದ ಬಿಡಿಸಿರಿ, ಎಲ್ಲ ಧರ್ಮದವರೊಡನೆ ಕೂಡಿ ಸತ್ಯ ಹುಡುಕಿರಿ ಎಂದಿತು. ಅಮೆರಿಕದ ಸಿರಿವಂತ ರಾಕ್‌ಫೆಲರ್ ಹಣ ಹಾಕಿದ್ದರು, ಕಾದಂಬರಿಗಾರ್ತಿ ಪರ್ಲ್ ಬಕ್ ಹೊಗಳಿದ್ದರು. ಅದಕ್ಕೆ ಉತ್ತರ ಬಂದದ್ದು ನಮ್ಮ ಪಕ್ಕದಲ್ಲೇ, 1938ರ ಡಿಸೆಂಬರಿನಲ್ಲಿ ಮದ್ರಾಸಿನ ತಾಂಬರಂನಲ್ಲಿ ನಡೆದ ಲೋಕ ಮಿಷನರಿ ಸಮ್ಮೇಳನದಲ್ಲಿ. ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್, ಕ್ರಿಸ್ತನಲ್ಲಿ ದೇವರು ಮಾಡಿದ್ದನ್ನು ಬಿಟ್ಟರೆ ಸಭೆಗೆ ಹೇಳಲು ಬೇರೇನೂ ಇಲ್ಲ ಎಂದು ಪಟ್ಟು ಹಿಡಿದ. ಮದ್ರಾಸಿನ ಕ್ರೈಸ್ತ ಚಿಂತಕ ಚೆಂಚಯ್ಯನವರಂಥವರು ಕ್ರೇಮರ್‌ನನ್ನು ಒಪ್ಪಲಿಲ್ಲ. ಹಿಂದೂ ಮನೆಯಲ್ಲಿ ಬೆಳೆದ ಅವರಿಗೆ ಅವನ ಮಾತು ಒರಟಾಗಿ ಕೇಳಿಸಿದ್ದರಲ್ಲಿ ನ್ಯಾಯವಿದೆ. ಆದರೆ ಚೆಂಚಯ್ಯನವರೂ ಕ್ರಿಸ್ತನನ್ನು ಬದಿಗಿಡಿ ಎನ್ನಲಿಲ್ಲ, ಕ್ರಿಸ್ತನಲ್ಲಿ ಹೊಸ ಸೃಷ್ಟಿಯೇ ಶುರುವಾಗಿದೆ ಎಂದವರು ಅವರು. ಜಗಳವಾಡಿದ ಇಬ್ಬರಿಗೂ ಹೇಳಲು ಏನೋ ಇತ್ತು.

ಹೇಳಲು ಏನೂ ಉಳಿಯದಿದ್ದರೆ ಹೇಗಿರುತ್ತದೆ ಎಂಬುದನ್ನು ಇಂಗ್ಲೆಂಡಿನಿಂದ ಬಂದ ಮಿಷನರಿ ಲೆಸ್ಲಿ ನ್ಯೂಬಿಗಿನ್ ಕಂಡರು. 1947ರಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿದಾಗ ಮಧುರೈ-ರಾಮನಾಡಿಗೆ ಬಿಷಪ್ ಆದವರು ಅವರು. ಅದಕ್ಕೂ ಮುಂಚೆ ಕಾಂಚೀಪುರದಲ್ಲಿದ್ದಾಗ ರಾಮಕೃಷ್ಣ ಮಿಷನ್ನಿಗೆ ಹೋಗಿ ಅಲ್ಲಿಯವರೊಡನೆ ಉಪನಿಷತ್ತನ್ನೂ ಯೋಹಾನನ ಸುವಾರ್ತೆಯನ್ನೂ ಓದುತ್ತಿದ್ದರು. ಅಲ್ಲಿ ಮಹಾಪುರುಷರ ಚಿತ್ರಗಳ ಸಾಲಿನಲ್ಲಿ ಯೇಸುವಿನ ಚಿತ್ರವೂ ಇತ್ತು, ಕ್ರಿಸ್ಮಸ್ ದಿನ ಅದಕ್ಕೂ ಪೂಜೆಯಾಗುತ್ತಿತ್ತು. ಪ್ರೀತಿಯಿಂದಲೇ ಕೊಟ್ಟ ಜಾಗ ಅದು. ಆದರೂ ಸಾಲಿನಲ್ಲಿ ಒಬ್ಬನಾಗಿ ಕೂತ ಯೇಸು ಯಾರನ್ನೂ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ ಎಂದು ನ್ಯೂಬಿಗಿನ್‌ರಿಗೆ ಹೊಳೆಯಿತು. ಅದಕ್ಕಿಂತ ಮುಖ್ಯವಾಗಿ, ತಮ್ಮ ಇಂಗ್ಲೆಂಡೂ ಯೇಸುವನ್ನು ಹಾಗೆಯೇ ತನ್ನ ಅನುಕೂಲದ ಗೂಡಿನಲ್ಲಿ ಕೂರಿಸಿದೆ ಎಂಬುದು ಆಮೇಲೆ ಹೊಳೆಯಿತು. 1974ರಲ್ಲಿ ಅವರು ಊರಿಗೆ ಮರಳಿ, ಮುಂದೆ ಬರ್ಮಿಂಗ್‌ಹ್ಯಾಮಿನ ವಿನ್ಸನ್ ಗ್ರೀನ್‌ನಲ್ಲಿ, ಜೈಲಿನ ಎದುರಿಗಿದ್ದ ಸಣ್ಣ ಸಭೆಯೊಂದರ ಪಾಲನೆ ವಹಿಸಿಕೊಂಡರು. ಭಾರತದಿಂದ ಬಂದ ಮೇಲೆ ಎಲ್ಲಕ್ಕಿಂತ ಕಷ್ಟವಾದದ್ದು ಏನೆಂದು ಜನ ಕೇಳಿದರೆ, ಇಲ್ಲಿ ನಿರೀಕ್ಷೆಯೇ ಇಲ್ಲವಾಗಿದೆ ಎನ್ನುತ್ತಿದ್ದರಂತೆ. ಮದ್ರಾಸಿನ ಕೊಳೆಗೇರಿಗಳಲ್ಲಿ ಸಿಕ್ಕಿದ್ದು ಶ್ರೀಮಂತ ಇಂಗ್ಲೆಂಡಿನಲ್ಲಿ ಸಿಗಲಿಲ್ಲ. ಅಲ್ಲಿ ಶಾಲೆಗೇನು ಕೊರತೆಯಿತ್ತೆ, ಆಸ್ಪತ್ರೆಗೇನು ಕೊರತೆಯಿತ್ತೆ?

ನಿಮ್ಮ ಪತ್ರದಲ್ಲಿ ನೀವು ಬಾಯಿಬಿಟ್ಟು ಹೇಳದ ಒಂದು ಮಾತಿದೆ, ಭಯ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಈ ಊರಿನ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ನಾವೆಲ್ಲ ಇಲ್ಲೇ ಇದ್ದೆವು. 2022ರ ಮತಾಂತರ ನಿಷೇಧ ಕಾಯ್ದೆ ಬಂದ ಮೇಲೆ ಮನೆಕೂಟ ಕರೆಯಲೂ ಹಿಂದೆಮುಂದೆ ನೋಡುವವರಿದ್ದಾರೆ. ಆದರೆ ಸಂವಿಧಾನದ 25ನೆಯ ವಿಧಿಯಲ್ಲಿ ಧರ್ಮಪ್ರಚಾರದ ಹಕ್ಕು ಸುಮ್ಮನೆ ಬಂದು ಕೂತದ್ದಲ್ಲ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದರ ಮೇಲೆ ಚರ್ಚೆಯಾದಾಗ ಅದರ ಪರ ಮಾತಾಡಿದವರಲ್ಲಿ ಕೆ.ಎಂ. ಮುನ್ಶಿಯವರಿದ್ದರು. ಅವರೇನು ಕ್ರೈಸ್ತರೆ? ಇದು ಕ್ರೈಸ್ತರ ನಂಬಿಕೆಯ ಮೂಲದಲ್ಲೇ ಇರುವ ಸಂಗತಿ ಎಂದು ಅವರು ಅರಿತಿದ್ದರು. ಒಬ್ಬರನ್ನು ಮತಾಂತರಿಸುವ ಹಕ್ಕು ಇದರಲ್ಲಿ ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನಗೆ ಅದರಿಂದ ದಿಗಿಲೇನೂ ಇಲ್ಲ. ಮನಸ್ಸು ತಿರುಗಿಸುವುದು ಮನುಷ್ಯರ ಕೆಲಸ ಎಂದು ನಮ್ಮ ವೇದಪುಸ್ತಕವೂ ಹೇಳಿಲ್ಲವಲ್ಲ. ಹೇಳುವ ಕೆಲಸ ಮಾತ್ರ ನಮ್ಮದು. ಅಕ್ಕಿ ಕೊಟ್ಟು, ಹಣ ಕೊಟ್ಟು, ಆಸ್ಪತ್ರೆಯ ಹಾಸಿಗೆಯ ಮೇಲೆ ಬಿದ್ದವರ ಅಸಹಾಯಕತೆ ನೋಡಿ ಹೇಳುವುದು ಬೇಡ. ಅದು ಭರವಸೆಯ ಲಕ್ಷಣವೂ ಅಲ್ಲ, ಸರಕಿನ ಮೇಲೆ ನಂಬಿಕೆ ಇಲ್ಲದ ಅಂಗಡಿಯವನ ಲಕ್ಷಣ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಎಂದು ಪೇತ್ರ ಬರೆದದ್ದು ಹಿಂಸೆ ಅನುಭವಿಸುತ್ತಿದ್ದ ಸಭೆಗಳಿಗೆ. ಅಂಥವರಿಗೂ ಅವನು ಬಾಯಿ ಮುಚ್ಚಿಕೊಂಡಿರಿ ಎನ್ನಲಿಲ್ಲ.

ಇನ್ನು ಯುವಕರು. ಅವರಿಗೆ ಶಿಲುಬೆ ಹಿಡಿಸುವುದಿಲ್ಲ ಎಂದು ಯಾರು ಹೇಳಿದರು? ನಾವು ಅವರ ಮುಂದೆ ಅದನ್ನು ಇಟ್ಟಿದ್ದೇವೆಯೆ? ಭಾನುವಾರ ಪ್ರಸಂಗಪೀಠದಿಂದ ಬರುವುದನ್ನು ಕೇಳಿ ನೋಡಿ: ಎಲ್ಲೋ ಓದಿದ ಒಂದು ನಗೆಹನಿ, ಆತ್ಮವಿಶ್ವಾಸ ಬೆಳೆಸಿಕೊಳ್ಳುವ ಐದು ಉಪಾಯ, ಪರೀಕ್ಷೆಗೆ ಹೋಗುವ ಮಕ್ಕಳಿಗೆ ಶುಭಾಶಯ. ಇದೆಲ್ಲ ಅವರಿಗೆ ಮೊಬೈಲಿನಲ್ಲಿ ಇದಕ್ಕಿಂತ ಚೆನ್ನಾಗಿ ಸಿಗುತ್ತದೆ. ಅಪೊಸ್ತಲ ಪೌಲ ಅಥೇನೆಯ (ಅಥೆನ್ಸಿನ) ಸಭಾಸ್ಥಳ ಅರಿಯೊಪಾಗದಲ್ಲಿ ನಿಂತು ಗ್ರೀಕರ ಕವಿಗಳ ಮಾತನ್ನೇ ಎತ್ತಿಕೊಂಡು ಎಷ್ಟು ನಯವಾಗಿ ಶುರುಮಾಡಿದ! ಆದರೂ ಕೊನೆಗೆ ಸತ್ತವರ ಪುನರುತ್ಥಾನದ ಮಾತನ್ನು ನುಂಗಿಕೊಳ್ಳಲಿಲ್ಲ. ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದರು, ದಿಯೊನುಸ್ಯ, ದಾಮರಿ ಮತ್ತು ಇನ್ನು ಕೆಲವರು ನಂಬಿದರು. ನಗುವವರು ಇರುತ್ತಾರೆಂದು ಆ ಕೆಲವರಿಗೆ ಸಿಗಬೇಕಾದದ್ದನ್ನು ತಪ್ಪಿಸಬಹುದೆ?

ಪೀಠದವರನ್ನು ಮಾತ್ರ ಅಂದು ಪ್ರಯೋಜನವಿಲ್ಲ. ಈ ಪತ್ರಿಕೆಗೆ ಬರುವ ಅಂಚೆ ತೆರೆದರೆ ಶಾಲು ಹೊದಿಸಿದ ಫೋಟೊ, ಪೇಟ ತೊಡಿಸಿದ ಫೋಟೊ, ಹೊಸ ಕಾಂಪೌಂಡ್ ಗೋಡೆಯ ಉದ್ಘಾಟನೆಯ ಫೋಟೊ. ಡಯಾಸಿಸ್ (ಬಿಷಪ್ಪರ ಪ್ರಾಂತ್ಯದ) ಚುನಾವಣೆ ಹತ್ತಿರ ಬಂದರೆ ಎರಡೂ ಬಣದವರ ಕರಪತ್ರ. ಜಾಗದ ದಾವೆಗೆ ವಕೀಲರಿಗೆ ಕೊಟ್ಟ ಹಣವನ್ನು ಸುವಾರ್ತಾ ಕೆಲಸಕ್ಕೆ ಕೊಟ್ಟ ಹಣದ ಪಕ್ಕದಲ್ಲಿ ಇಟ್ಟು ನೋಡುವ ಧೈರ್ಯ ಸಭೆಗಳ ಆಡಳಿತ ನೋಡುವ ಎಷ್ಟು ಪಾಸ್ಟರೇಟ್ ಕಮಿಟಿಗಳಿಗಿದೆ? ನನ್ನ ಬಾಳಿನಲ್ಲಿ ಕರ್ತನು ಹೀಗೆ ಮಾಡಿದ ಎಂದು ಒಂದು ಪುಟ ಬರೆದು ಕಳಿಸಿದವರನ್ನು ಹುಡುಕಬೇಕಾಗಿದೆ. ಬಂದದ್ದೂ ಹೆಚ್ಚಾಗಿ ಹಳ್ಳಿಯ ಸಭೆಗಳಿಂದ, ಪೆನ್ಸಿಲಿನಲ್ಲಿ ಬರೆದದ್ದು. ಅಚ್ಚಿಗೆ ಹಾಕಿದರೆ ಪಟ್ಟಣದ ಓದುಗರು ‘ಇದೆಲ್ಲ ಯಾಕೆ’ ಎಂದು ಕೇಳುತ್ತಾರೆ. ನೀವು ಕೇಳಿದ್ದೂ ಅದನ್ನೇ ಅಲ್ಲವೆ?

ಮೂರನೆಯ ಪುಟದ ಅಂಚಿನಲ್ಲಿ ಸಣ್ಣದಾಗಿ ಬರೆದದ್ದನ್ನೂ ಓದಿದೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗ ರಜೆಗೆ ಬಂದಾಗ, “ಅಜ್ಜಾ, ಯೇಸು ನಿಜವಾಗಿ ಎದ್ದು ಬಂದನೇನು, ಇಲ್ಲಾ ನೀವೆಲ್ಲ ರೂಢಿಗೆ ಹೇಳ್ತೀರೇನು?” ಎಂದು ಕೇಳಿದನಂತೆ. “ಹಿರಿಯರು ನಡೆಸಿಕೊಂಡು ಬಂದದ್ದಪ್ಪ” ಎಂದು ಹೇಳಿ ಮಾತು ತಿರುಗಿಸಿದೆ ಎಂದು ಬರೆದಿದ್ದೀರಿ. ಮಾಸ್ತರರೇ, ಯುವಕರಿಗೆ ಈ ವಿಷಯ ಹಿಡಿಸುವುದಿಲ್ಲ ಎಂದು ನಾಲ್ಕು ಪುಟ ಬರೆದವರು ನೀವೇ. ಕೇಳಿದ ಹುಡುಗ ನಿಮ್ಮ ಮನೆಯಲ್ಲೇ ಇದ್ದಾನೆ. ಅವನಿಗೆ ಒಂದು ಉತ್ತರ ಬರೆಯಿರಿ. ಇಷ್ಟು ವರ್ಷ ಪ್ರತಿ ಭಾನುವಾರ ನಿಂತು ವಿಶ್ವಾಸಪ್ರಮಾಣ ಹೇಳಿದ್ದೀರಲ್ಲ, ನೀವು ಅದನ್ನು ನಂಬುತ್ತೀರೋ ಇಲ್ಲವೋ, ನಂಬಿದರೆ ಯಾಕೆ, ಎಲ್ಲಿ ಅನುಮಾನ, ಎಲ್ಲವನ್ನೂ ಬರೆಯಿರಿ. ಪ್ರತಿಯೊಂದನ್ನು ನನಗೂ ಕಳಿಸಿ. ಬರುವ ಪುನರುತ್ಥಾನ ಹಬ್ಬದ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ. ಸನ್ಮಾನದ ಫೋಟೊಗಳು ಅದರ ಮುಂದಿನ ತಿಂಗಳವರೆಗೆ ಕಾಯಬಹುದು.

– ಸಂ.